ಮೇಜು ಬಡಿದ ಹುಡುಗಿ

"ಓದೋ ಸುತ್ತಿಗೆ, ಓದು! ಒಂದೇ ಒಂದು ಸಾಲು ಗಟ್ಟಿಯಾಗಿ ಓದಿಬಿಡು, ನಿನ್ನ ಕಾಲಿಗೆ ಬೀಳ್ತೀನಿ!"

ಟೆಸ್ಟ್ ನಡೆಯುವ ಕೊಠಡಿಯ ಹೊರಗೆ ನಗು ಎದ್ದಿತು. ಎಲ್ಲರೂ ಡಿಪ್ಲೊಮಾ ಹುಡುಗರು. ತರಗತಿಯ ಪುಂಡನೊಬ್ಬ 'ಸುತ್ತಿಗೆ' ಎಂಬ ಅಡ್ಡಹೆಸರಿನ ಹುಡುಗನ ಕೈಯಿಂದ ಪುಸ್ತಕ ಕಿತ್ತುಕೊಂಡು ಮುಖದ ಮುಂದೆ ಆಡಿಸುತ್ತಿದ್ದ.

"ಅಷ್ಟು ಸಲ ಫೇಲಾದ್ರೂ ಇನ್ನೂ ಅಕ್ಷರ ಬರಲ್ವಲ್ಲೋ ನಿಂಗೆ!"

ಅಷ್ಟೇ. ಮುಷ್ಟಿ ಎದ್ದಿತು. ಅವನಿಗೆ 'ಸುತ್ತಿಗೆ' ಎಂದು ಹೆಸರಿಟ್ಟಿದ್ದು ಸುಮ್ಮನೆ ಅಲ್ಲ.

ಪುಂಡನಿಗೆ ಇದು ಅಭ್ಯಾಸವಾಗಿತ್ತು, ಸರಕ್ಕನೆ ಬಗ್ಗಿಬಿಟ್ಟ. ಅದೇ ಹೊತ್ತಿಗೆ ಅವನ ಹಿಂದಿನ ಬಚ್ಚಲಿನ ಬಾಗಿಲು ತೆರೆಯಿತು. ಒಳಗೆ ವಾಂತಿ ಮಾಡಿ, ಮುಖ ತೊಳೆದು, 'ದೇವರೇ, ಈ ಟೆಸ್ಟ್ ಒಂದು ತಪ್ಪಿಹೋಗಲಿ' ಎಂದು ಬೇಡಿಕೊಳ್ಳುತ್ತಾ ಒಬ್ಬ ಹುಡುಗಿ ಹೊರಗೆ ಕಾಲಿಟ್ಟಳು.

ಧಡ್!

ಕಣ್ಣ ಮುಂದೆ ಕತ್ತಲೆ. ಮೂಗಿನೊಳಗೆ ಏನೋ ಲಟಕ್ಕೆಂದಿತು. ತುಟಿ, ಗಲ್ಲ, ಬಿಳಿ ಅಂಗಿ... ಎಲ್ಲೆಲ್ಲೂ ಬಿಸಿ ರಕ್ತ. ಅವಳು ಗೋಡೆಗೆ ಒರಗಿಕೊಂಡೇ ನೆಲಕ್ಕೆ ಜಾರಿದಳು.

ನಗುತ್ತಿದ್ದವರೆಲ್ಲ ಕಾಲಿಗೆ ಬುದ್ಧಿ ಹೇಳಿದರು. ಪುಂಡ ಎಲ್ಲರಿಗಿಂತ ಮೊದಲು. ಅಲ್ಲಿ ಉಳಿದವನು ಹೊಡೆದವನೊಬ್ಬನೇ. ಅವನ ಮುಖ ಸುಣ್ಣ ಬಳಿದ ಹಾಗಾಗಿತ್ತು.

"ಅಯ್ಯೋ... ನೋಡ್ಲಿಲ್ಲ ರೀ! ದೇವ್ರಾಣೆ ನೋಡ್ಲಿಲ್ಲ!"

ಅವಳು ತಲೆ ಎತ್ತಿದಳು. ಅಷ್ಟು ರಕ್ತದ ನಡುವೆ ಅವಳು ನಗುತ್ತಿದ್ದಳು!

"ಥ್ಯಾಂಕ್ಸ್..."

"ಏನು?"

"ಥ್ಯಾಂಕ್ಸ್ ರೀ. ಇನ್ನು ನಾನು ಟೆಸ್ಟ್ ಬರೆಯೋ ಹಾಗಿಲ್ಲ ಅಲ್ವಾ?"

ಇಂಥ ಗುದ್ದಿನಿಂದ ಪ್ರೇಮ ಹುಟ್ಟಿತು ಎಂದರೆ ನೀವು ನಂಬುವುದಿಲ್ಲ. ಬೇಡ, ನಂಬಬೇಡಿ. ಕಥೆ ಮುಗಿಯುವವರೆಗೆ ಸುಮ್ಮನೆ ಕೇಳಿ.

ಪ್ರಥಮ ಚಿಕಿತ್ಸೆಯ ಕೋಣೆಯಲ್ಲಿ ನರ್ಸ್ ಇರಲಿಲ್ಲ. ಅವನೇ ಹತ್ತಿ ಹುಡುಕಿ ತಂದ. ಅವಸರದಲ್ಲಿ ಕಬ್ಬಿಣದ ಟ್ರೇಯನ್ನು ಮೇಜಿನ ಮೇಲೆ ಧಡಾರನೆ ಇಟ್ಟ.

ಅವಳು ಎರಡೂ ಕೈಯಿಂದ ತಲೆ ಮುಚ್ಚಿಕೊಂಡಳು.

ಅವನು ಹಾಗೇ ನಿಂತುಬಿಟ್ಟ. ಮೂಗಿಗೆ ಗುದ್ದು ಬಿದ್ದಾಗ ನಕ್ಕವಳು ಟ್ರೇಯ ಸದ್ದಿಗೆ ಯಾಕೆ ಹೀಗೆ ಮುದುರಿದಳು?

"ರೀ... ಹೊಡಿಯಲ್ಲ. ಟ್ರೇ ಅಷ್ಟೇ."

"ಗೊತ್ತು," ಎಂದಳು ಅವಳು. ಕೈ ಮಾತ್ರ ಕೆಳಗಿಳಿಯಲಿಲ್ಲ.

ಅವಳನ್ನು ಕಾಲೇಜಿನಲ್ಲಿ ಎಲ್ಲರೂ 'ರ್ಯಾಂಕು' ಎಂದು ಕರೆಯುತ್ತಿದ್ದರು. ಹೊಗಳಿಕೆ ಎಂದುಕೊಂಡಿರಾ? ಕುಹಕ! ತರಗತಿಯಲ್ಲಿ ಗೆಳತಿಯರಿಗೆ ಪಾಠ ಬಿಡಿಸಿ ಹೇಳುವವಳು, ಪರೀಕ್ಷೆಯಲ್ಲಿ ಹಾಳೆ ಖಾಲಿ ಬಿಟ್ಟು ಬರುತ್ತಿದ್ದಳು. ಗಂಟೆ ಢಣ್ ಎಂದರೆ ಸಾಕು, ಓದಿದ್ದೆಲ್ಲ ಮಾಯ. ಬೆರಳು ಮರಗಟ್ಟುತ್ತಿತ್ತು, ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು.

ಕಾರಣ ಅವಳ ಮನೆಯ ಊಟದ ಮೇಜಿನಲ್ಲಿತ್ತು.

ಅವಳ ಅಪ್ಪ ಜೈಲಿನ ಕಾವಲುಗಾರ. ಮಗಳನ್ನು ಓದಿಸಿ ದೊಡ್ಡವಳನ್ನು ಮಾಡಬೇಕೆಂಬ ಹಟ. ಸಂಜೆ ಊಟಕ್ಕೆ ಕೂತಾಗ ತನ್ನ ಸ್ಟೀಲ್ ಲೋಟವನ್ನು ಮೇಜಿನ ಮೇಲೆ ಬೋರಲು ಹಾಕಿ ಪ್ರಶ್ನೆ ಕೇಳುತ್ತಿದ್ದ. ಕೇಳಿ, ಅಂಗೈಯಿಂದ ಮೇಜು ಬಡಿಯುತ್ತಿದ್ದ. ಲೋಟ ಅಲುಗಾಡುವುದು ನಿಲ್ಲುವುದರೊಳಗೆ ಉತ್ತರ ಬರಬೇಕು. ಬರದಿದ್ದರೆ ಏಟು. ಅವಳು ಅಕ್ಷರ ಕಲಿತ ದಿನದಿಂದ ಇದೇ ಕ್ರಮ.

ಅಂದು ಸಂಜೆಯೂ ಅಪ್ಪ ಮಗಳ ಊದಿದ ಮೂಗು ನೋಡಿದ.

"ಟೆಸ್ಟ್ ಬರೆದ್ಯಾ?"

ಧಡ್! ಲೋಟ ಅಲುಗಿತು. ಅಲುಗಿ ನಿಂತಿತು.

"ಜೈಲಲ್ಲಿ ಕಳ್ಳರೇ ನನ್ನ ಮುಂದೆ ಬಾಯಿ ಬಿಡ್ತಾರೆ, ನೀನು ಬಿಡಲ್ವಾ?"

ಏಟು ಅದೇ ಮೂಗಿನ ಮೇಲೆ ಬಿತ್ತು. ತಟ್ಟೆಯಲ್ಲಿ ರಕ್ತ ಚೆಲ್ಲಿತು. ಅಮ್ಮ ಒಲೆಯ ಕಡೆ ತಿರುಗಿಕೊಂಡು ನಿಂತಳು. ಅವಳು ಯಾವಾಗಲೂ ಹಾಗೇ ನಿಲ್ಲುತ್ತಿದ್ದಳು.

ಮರುದಿನ ಸುತ್ತಿಗೆ ಕಾಲೇಜಿನ ವರ್ಕ್‌ಶಾಪಿನಲ್ಲಿ ತಗಡು ಬಡಿಯುತ್ತಿದ್ದ. ಅವಳು ಕಿವಿಗೆ ಹತ್ತಿ ತುರುಕಿಕೊಂಡು ಬಂದಳು.

"ನೀವು ಯಾಕೆ ಓದಲಿಲ್ಲ ನಿನ್ನೆ? ಒಂದು ಸಾಲು ಓದಿದ್ರೆ ನನ್ನ ಮೂಗು ಉಳೀತಿತ್ತು."

ಅವನ ಕೈ ನಿಂತಿತು. ಬೇರೆ ಯಾರಾದರೂ ಕೇಳಿದ್ದರೆ ಮುಷ್ಟಿಯೇ ಉತ್ತರವಾಗುತ್ತಿತ್ತು. ಇವಳಿಗೆ ಅವನು ಒಂದು ಮೂಗು ಬಾಕಿ ಇಟ್ಟುಕೊಂಡಿದ್ದನಲ್ಲ!

"ಅಕ್ಷರ ನಿಲ್ಲಲ್ಲ ಮೇಡಂ," ಎಂದ, ತಗ್ಗಿದ ದನಿಯಲ್ಲಿ. "ಒಂದರ ಮೇಲೊಂದು ಹತ್ತುತ್ತೆ. ಸಾಲು ಮುಗಿಯೋಷ್ಟರಲ್ಲಿ ಮೊದಲು ಏನಿತ್ತು ಅಂತ ಮರ್ತೋಗುತ್ತೆ. ಕೇಳಿದ್ರೆ ಎಲ್ಲಾ ನೆನಪಿರುತ್ತೆ. ಓದು ಅಂದ್ರೆ... ದಡ್ಡ. ಚಿಕ್ಕಂದಿನಿಂದ ಎಲ್ಲಾ ಮೇಷ್ಟ್ರೂ ಅದನ್ನೇ ಹೇಳಿ ಬೆನ್ನು ಹಣ್ಣು ಮಾಡಿದ್ರು. ಈ ಸಲ ಪಾಸಾಗ್ಲಿಲ್ಲ ಅಂದ್ರೆ ಕಾಲೇಜಿಂದ ಹೊರಗೆ. ಇದೇ ಕೊನೇ ಅವಕಾಶ."

ಅವಳು ಕಿವಿಯಿಂದ ಹತ್ತಿ ತೆಗೆದಳು.

"ನಾನು ಓದಿ ಹೇಳ್ತೀನಿ. ನೀವು ತಗಡು ಬಡೀತಾ ಕೇಳಿ."

"ನಿಮಗೆ ಸದ್ದು ಕೇಳಿದ್ರೆ ಆಗಲ್ವಲ್ಲ?"

"ಅದಕ್ಕೇ."

ಅವತ್ತು ಶುರುವಾಯಿತು ನೋಡಿ! ಕಾಲೇಜಿನಲ್ಲೇ ವಿಚಿತ್ರ ಪಾಠ.

"ಉಕ್ಕನ್ನು ಕೆಂಪಗೆ ಕಾಯಿಸಿ..."

ಠಣ್!

"...ಎಣ್ಣೆಯಲ್ಲಿ ತಣಿಸಿದರೆ..."

ಠಣ್!

"...ಗಟ್ಟಿಯಾಗುತ್ತದೆ."

ಠಣ್ ಠಣ್!

ಮೊದಮೊದಲು ಪ್ರತಿ ಏಟಿಗೂ ಅವಳ ಭುಜ ಕುಣಿಯುತ್ತಿತ್ತು, ಪುಸ್ತಕ ಕೈಜಾರುತ್ತಿತ್ತು. ಅವನು ತಾಳ್ಮೆಯಿಂದ ಕಾಯುತ್ತಿದ್ದ. ಆಮೇಲೆ ಮೆಲ್ಲನೆ ಬಡಿಯುತ್ತಿದ್ದ. ಆಮೇಲೆ ಸ್ವಲ್ಪ ಜೋರಾಗಿ. ಸದ್ದಾದ ಮೇಲೂ ತನಗೆ ಯಾರೂ ಹೊಡೆಯಲಿಲ್ಲ ಎಂಬುದನ್ನು ಅವಳ ಮೈ ನಿಧಾನವಾಗಿ ಕಲಿಯಿತು. ಅವನು ಆ ತಾಳದಲ್ಲೇ ಇಡೀ ಪಾಠ ಒಪ್ಪಿಸಿದ, ಒಂದು ಪದ ತಪ್ಪದೆ.

'ಇವನನ್ನಾ ದಡ್ಡ ಅಂದಿದ್ದು?' ಅವಳಿಗೆ ಆ ಮೇಷ್ಟ್ರುಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಕಪಾಳಕ್ಕೆ ಬಿಗಿಯಬೇಕೆನಿಸಿತು.

ಅವನನ್ನು ಎಳೆದುಕೊಂಡು ಕಾಲೇಜಿನ ಕೌನ್ಸೆಲರ್ ಮೇಡಂ ಬಳಿ ಹೋದವಳೂ ಅವಳೇ. ಮೇಡಂ ಅವನಿಗೆ ಏನೇನೋ ಓದಿಸಿದರು, ಕೇಳಿಸಿದರು, ಬರೆಸಿದರು.

"ಇದು ದಡ್ಡತನ ಅಲ್ಲಪ್ಪ. ಕೆಲವರ ಮೆದುಳು ಅಕ್ಷರವನ್ನು ಬೇರೆ ಥರ ಹಿಡಿಯುತ್ತೆ, ಅಷ್ಟೇ. ನಿನ್ನಂಥವರಿಗೆ ಪ್ರಶ್ನೆ ಓದಿ ಹೇಳೋಕೆ, ಉತ್ತರ ಬರೆಯೋಕೆ ಒಬ್ಬರನ್ನ ಕೊಡೋ ನಿಯಮ ಇದೆ. ಪ್ರಿನ್ಸಿಪಾಲರಿಗೆ ಬರೀತೀನಿ."

ಹೊರಗೆ ಬಂದವನು ಗೋಡೆಗೆ ಹಣೆ ಒತ್ತಿ ಬಿಕ್ಕಿಬಿಕ್ಕಿ ಅತ್ತ. ಅಷ್ಟು ದೊಡ್ಡ ಆಳು! ಅವಳು ಅವನ ಬೆನ್ನ ಮೇಲೆ ಕೈಯಿಟ್ಟಳು. ಆ ಕೈ ತೆಗೆಯಲು ಇಬ್ಬರಿಗೂ ಮನಸ್ಸಿರಲಿಲ್ಲ. ಮೇಡಂ, ರೀ, ನೀವು... ಎಲ್ಲ ಅಂದೇ ಕಳಚಿ ಬಿದ್ದವು.

ಇಷ್ಟಕ್ಕೇ ಕಥೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು!

ಮುಖ್ಯ ಪರೀಕ್ಷೆ ಹತ್ತಿರ ಬಂದಿತ್ತು. ಒಂದು ಮಧ್ಯಾಹ್ನ ವರ್ಕ್‌ಶಾಪಿನ ಬಾಗಿಲಲ್ಲಿ ಖಾಕಿ ಬಟ್ಟೆಯ ನೆರಳು ಬಿತ್ತು. ಮಗಳು ತನ್ನ ಮೂಗು ಒಡೆದ ಹುಡುಗನ ಪಕ್ಕವೇ ಕೂತು ನಗುತ್ತಾಳೆ ಎಂದು ಪುಂಡ ಅವಳ ಅಪ್ಪನ ಕಿವಿ ಊದಿದ್ದ.

"ಇವನೇನಾ ನಿನ್ನ ಮೂಗು ಒಡೆದವನು? ಇವನ ಜೊತೆ ನಗ್ತೀಯಾ?"

ಲಾಠಿ ಬೀಸಿ ಬಂತು. ಮೊದಲ ಏಟು ಅವನ ಭುಜಕ್ಕೆ. ಎರಡನೆಯದು ಹುಬ್ಬಿಗೆ. ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯಿತು.

ಅವನ ಕೈಯಲ್ಲಿ ಸುತ್ತಿಗೆ ಇತ್ತು. ವರ್ಕ್‌ಶಾಪಿನಲ್ಲಿದ್ದವರೆಲ್ಲ ಹಿಂದೆ ಸರಿದರು. ಆ ಕೈ ಒಮ್ಮೆ ಎದ್ದರೆ ಅಪ್ಪನ ತಲೆ ಉಳಿಯುವುದಿಲ್ಲ!

ಅವನು ಅವಳ ಕಡೆ ನೋಡಿದ. ಸುತ್ತಿಗೆಯನ್ನು ಸದ್ದಾಗದಂತೆ ಮೇಜಿನ ಮೇಲಿಟ್ಟ. ಕೈ ಕಟ್ಟಿ ನಿಂತು ಉಳಿದ ಏಟುಗಳನ್ನೆಲ್ಲ ತಿಂದ. ಯಾರೋ ಬಂದು ಬಿಡಿಸುವಷ್ಟರಲ್ಲಿ ಮಂಡಿಯೂರಿದ್ದ.

ಅಪ್ಪನ ಸಿಟ್ಟು ಅಲ್ಲಿಗೂ ಇಳಿಯಲಿಲ್ಲ. 'ಬೇಕೆಂದೇ ಮಗಳ ಮೂಗು ಒಡೆದು, ಹೆದರಿಸಿ, ದಿನಾ ಪೀಡಿಸುತ್ತಾನೆ' ಎಂದು ಪ್ರಿನ್ಸಿಪಾಲರಿಗೆ ದೂರು ಕೊಟ್ಟ. ವಿಚಾರಣೆ ನಡೆಯಿತು. ಕೌನ್ಸೆಲರ್ ಮೇಡಂ ರಜೆಯಲ್ಲಿದ್ದರು. ಒಂದು ಕಡೆ ಅಪ್ಪ, ಇನ್ನೊಂದು ಕಡೆ ಹುಬ್ಬಿಗೆ ಹೊಲಿಗೆ ಹಾಕಿಸಿಕೊಂಡ ಅವನು, ನಡುವೆ ಅವಳು.

"ಇವನು ನಿನಗೆ ಬೇಕಂತಾನೇ ಹೊಡೆದನಾ? ಪೀಡಿಸ್ತಾನಾ? ಹೇಳಮ್ಮ, ಹೌದೋ ಅಲ್ವೋ?"

'ಅಲ್ಲ!' ಎಂದು ಅವಳ ಎದೆ ಕೂಗಿತು. 'ಅಲ್ಲ ಸರ್, ಅಲ್ಲವೇ ಅಲ್ಲ!'

"ಮಾತಾಡು!" ಪ್ರಿನ್ಸಿಪಾಲರು ಕಾಗದದ ಮೇಲಿಡುವ ಗಾಜಿನ ಗುಂಡನ್ನು ಎತ್ತಿ ಮೇಜಿಗೆ ಕುಕ್ಕಿದರು.

ಧಡ್!

ಪಕ್ಕದಲ್ಲಿ ಅಪ್ಪ. ಎದುರಿಗೆ ಪ್ರಶ್ನೆ. ಕಿವಿಯಲ್ಲಿ ಆ ಸದ್ದು... ನಾಲಿಗೆ ಅಂಟಿಕೊಂಡಿತು. ತುಟಿ ಅಲುಗಿತು, ದನಿ ಬರಲಿಲ್ಲ. ಕಣ್ಣಲ್ಲಿ ನೀರು ಸುರಿಯಿತು. ನೋಡಿದವರಿಗೆ ಅದು ಹೆದರಿದ ಹುಡುಗಿಯ ಸಾಕ್ಷಿಯಂತೆಯೇ ಕಂಡಿತು.

"ಬಾಯಿ ಬಿಡಲ್ಲ ಅಂದ್ರೆ ದೂರು ನಿಜ ಅಂತಲೇ ಆಯ್ತು. ಇವನನ್ನ ಅಮಾನತು ಮಾಡಿದೀನಿ. ಪರೀಕ್ಷೆಗೂ ಕೂರಿಸಲ್ಲ."

ಅವನು ಬಾಗಿಲ ಬಳಿ ಒಂದು ಕ್ಷಣ ನಿಂತ.

"ನೀನೂನಾ?"

ಅಷ್ಟೇ ಕೇಳಿ ಹೊರಟುಹೋದ.

ಎರಡು ದಿನ ಅವಳು ಅನ್ನ ನೀರು ಮುಟ್ಟಲಿಲ್ಲ. ಮೂರನೆಯ ದಿನ ಹುಡುಕಿಕೊಂಡು ಹೋದಾಗ ಅವನು ಗುಜರಿ ಅಂಗಡಿಯಲ್ಲಿ ಹಳೆ ಕಾರುಗಳನ್ನು ಒಡೆಯುತ್ತಿದ್ದ. ದೊಡ್ಡ ಸುತ್ತಿಗೆ ಗಾಳಿಯಲ್ಲಿ ಸುತ್ತಿ ಮುಂಗಾಜಿನ ಮೇಲೆ ಬಿತ್ತು. ಗಾಜು ಚೂರುಚೂರಾಗಿ ಅವಳ ಕಾಲ ಬಳಿ ಚೆಲ್ಲಿತು.

"ಹೋಗು ಇಲ್ಲಿಂದ."

"ನನ್ನ ಮಾತು ಕೇಳು..."

"ಮಾತಾ?" ಇನ್ನೊಂದು ಏಟು. ಕಾರಿನ ಬಾಗಿಲು ಕಿತ್ತು ಬಂತು. "ಒಂದೇ ಒಂದು 'ಅಲ್ಲ' ಸಾಕಿತ್ತು ನಂಗೆ! ನಿಮ್ಮಪ್ಪ ಹೊಡೆದಾಗ ನೋವಾಗ್ಲಿಲ್ಲ ಕಣೇ. ನೀನು ಸುಮ್ಮನೆ ನಿಂತಿದ್ದೆಯಲ್ಲ, ಅದಕ್ಕೆ ನೋವಾಯ್ತು. ದಡ್ಡನ ಸಹವಾಸ ಸಾಕಾಯ್ತಾ?"

ಆ ಪದ ಕೇಳಿ ಅವಳ ಸಿಟ್ಟು ನೆತ್ತಿಗೇರಿತು. ಹಿಂದೆಂದೂ ಬಂದಿರದ ಸಿಟ್ಟು! ನೆಲದ ಮೇಲಿದ್ದ ಕಬ್ಬಿಣದ ಸಲಾಕೆ ಎತ್ತಿ ಕಾರಿನ ನೆತ್ತಿಗೆ ಬಾರಿಸಿದಳು. ಅವನೇ ಬೆಚ್ಚಿಬಿದ್ದ.

"ಅಕ್ಷರ ನಿಲ್ಲಲ್ಲ ಅಂತ ನೀನು ಹೇಳಿದೆ. ನಾನು ನಂಬಿದೆ. ಒಂದು ಮಾತು ತಿರುಗಿ ಕೇಳದೆ ನಂಬಿದೆ! ನಂಗೆ ಮಾತು ಬರಲಿಲ್ಲ ಅಂದ್ರೆ ನೀನು ಯಾಕೆ ನಂಬಲ್ಲ? ಗಂಟೆ ಬಾರಿಸಿದ್ರೆ, ಮೇಜು ಬಡಿದ್ರೆ ನಾನು ಏನಾಗ್ತೀನಿ ಅಂತ ನಿಂಗಿಂತ ಚೆನ್ನಾಗಿ ಯಾರಿಗೋ ಗೊತ್ತು?"

ಅವನು ಸುತ್ತಿಗೆ ಕೆಳಗಿಳಿಸಿದ. ಪ್ರಥಮ ಚಿಕಿತ್ಸೆಯ ಕೋಣೆ ನೆನಪಾಯಿತು. ತಲೆ ಮುಚ್ಚಿಕೊಂಡ ಆ ಎರಡು ಕೈ ನೆನಪಾದವು.

'ಥೂ ನನ್ನ! ಅದೂ ಒಂದು ಪರೀಕ್ಷೆಯೇ ಅಂತ ನಂಗೆ ಹೊಳೀಲೇ ಇಲ್ವಲ್ಲ...'

"ಪರೀಕ್ಷೆಗೆ ಇನ್ನೂ ಎರಡು ದಿನ ಇದೆ," ಎಂದಳು ಅವಳು ಏದುಸಿರು ಬಿಡುತ್ತಾ. "ನಾಳೆ ಬೆಳಿಗ್ಗೆ ಪ್ರಿನ್ಸಿಪಾಲರ ಕೋಣೆ ಹೊರಗೆ ಬಂದು ನಿಲ್ಲು. ಒಳಗಿಂದ ಮೇಜು ಬಡಿದ ಸದ್ದು ಕೇಳಿಸಿದ್ರೆ, ಅದು ನಾನು."

ಅಂದು ಸಂಜೆ ಅಪ್ಪ ಎಂದಿನಂತೆ ಲೋಟ ಬೋರಲು ಹಾಕಿದ.

"ಎಲ್ಲಿಗೆ ಹೋಗಿದ್ದೆ?"

ಧಡ್!

ಲೋಟ ಅಲುಗುತ್ತಿತ್ತು. ಅವಳ ಬೆನ್ನಲ್ಲಿ ಬೆವರು. ಅವಳು ಕಣ್ಣು ಮುಚ್ಚಿದಳು. 'ಉಕ್ಕನ್ನು ಕೆಂಪಗೆ ಕಾಯಿಸಿ... ಠಣ್... ಎಣ್ಣೆಯಲ್ಲಿ ತಣಿಸಿದರೆ... ಠಣ್...'

ಅವಳ ಅಂಗೈ ತಾನಾಗಿ ಎದ್ದು ಮೇಜಿಗೆ ಬಡಿಯಿತು. ಲೋಟ ಮಗುಚಿ ನೆಲಕ್ಕೆ ಬಿದ್ದು ಒಲೆಯತ್ತ ಉರುಳಿತು.

"ಅವನ ಹತ್ರ ಹೋಗಿದ್ದೆ, ಅಪ್ಪ! ನಾಳೆ ಪ್ರಿನ್ಸಿಪಾಲರ ಹತ್ರ ಹೋಗಿ ನಿಜ ಹೇಳ್ತೀನಿ!"

ಅಪ್ಪ ಎದ್ದ ರಭಸಕ್ಕೆ ಕುರ್ಚಿ ಬಿತ್ತು. ಅವನ ಕೈ ಅವಳ ಕೂದಲು ಹಿಡಿದು ಎಳೆಯಿತು. ತಲೆ ಗೋಡೆಗೆ ಬಡಿಯಿತು. ಇನ್ನೊಂದು ಏಟಿಗೆ ಕೈ ಎತ್ತಿದ್ದ. ಆಗ ಅವನ ಕಿವಿಯ ಪಕ್ಕದಿಂದ ಏನೋ ಸುಯ್ಯೆಂದು ಹಾರಿ ಕಿಟಕಿಯ ಗಾಜು ಒಡೆದು ಬೀದಿಗೆ ಬಿತ್ತು.

ಆ ಸ್ಟೀಲ್ ಲೋಟ!

ಎಸೆದವಳು ಅಮ್ಮ. ಕಣ್ಣು ಗಂಡನ ಮೇಲೇ ನೆಟ್ಟಿತ್ತು. ಇನ್ನೊಂದು ಕೈಯಲ್ಲಿ ಕುದಿಯುವ ನೀರಿನ ಪಾತ್ರೆ ಇತ್ತು.

"ಅವಳ ಕೂದಲು ಬಿಡಿ. ಬಿಡ್ಲಿಲ್ಲ ಅಂದ್ರೆ ಇದು ನಿಮ್ಮ ಮುಖದ ಮೇಲೆ. ಇಷ್ಟು ವರ್ಷ ಬೆನ್ನು ತಿರುಗಿಸಿ ನಿಂತೆ, ಇವತ್ತಿಗೆ ಸಾಕು."

ಜೈಲಿನಲ್ಲಿ ಎಂಥೆಂಥವರನ್ನೋ ನಡುಗಿಸಿದ ಮನುಷ್ಯ ತನ್ನ ಹೆಂಡತಿಯ ಕಣ್ಣು ನೋಡಿ ಕೈ ಸಡಿಲಿಸಿದ. ಆ ಸಂಜೆಯೇ ತಾಯಿ ಮಗಳು ಬಟ್ಟೆ ಗಂಟು ಕಟ್ಟಿಕೊಂಡು ದೊಡ್ಡಮ್ಮನ ಮನೆಗೆ ಹೋದರು.

ಬೆಳಿಗ್ಗೆ ಪ್ರಿನ್ಸಿಪಾಲರ ಕೋಣೆ. ಕೌನ್ಸೆಲರ್ ಮೇಡಂ ರಜೆ ಮುಗಿಸಿ ಬಂದಿದ್ದರು. ಅವಳ ಹಣೆ ಊದಿತ್ತು, ಅಮ್ಮ ಪಕ್ಕದಲ್ಲಿ ನಿಂತಿದ್ದಳು.

"ಮುಗಿದ ವಿಷಯ ಯಾಕಮ್ಮ ಮತ್ತೆ? ಅವತ್ತು ಬಾಯಿ ಬಿಡದವಳು ಇವತ್ತು ಏನು ಹೇಳ್ತೀಯ?"

ಪ್ರಶ್ನೆ! ಮತ್ತೆ ಮಾತು ಒಳಗೇ ಇಂಗತೊಡಗಿತು. ಒಂದು ಕ್ಷಣ... ಇನ್ನೊಂದು ಕ್ಷಣ... ಪ್ರಿನ್ಸಿಪಾಲರ ಕೈ ಆ ಗಾಜಿನ ಗುಂಡಿನತ್ತ ಹೋಯಿತು.

ಅವರಿಗಿಂತ ಮೊದಲು ಅವಳೇ ಬಡಿದಳು.

ಧಡ್!

ಮಸಿಯ ಬಾಟಲಿ ಹಾರಿ ಬಿತ್ತು. ಹೊರಗೆ ಗೋಡೆಗೆ ಒರಗಿದ್ದ ಒಬ್ಬ ನೆಟ್ಟಗೆ ನಿಂತ.

"ಅವನು ಬೇಕಂತ ಹೊಡೀಲಿಲ್ಲ ಸರ್! ಅದು ಆಕಸ್ಮಿಕ. ಪೀಡಿಸ್ಲಿಲ್ಲ, ನಾನೇ ಅವನಿಗೆ ಪಾಠ ಓದಿ ಹೇಳ್ತಿದ್ದೆ. ನನ್ನ ಹೊಡೆಯೋದು ನಮ್ಮಪ್ಪ. ಈ ಹಣೆ ನೋಡಿ. ಪ್ರಶ್ನೆ ಕೇಳಿ ಮೇಜು ಬಡಿದ್ರೆ ನಂಗೆ ಮಾತು ಹೋಗುತ್ತೆ ಸರ್. ಚಿಕ್ಕಂದಿನಿಂದ ಆ ಸದ್ದಿನ ಹಿಂದೆ ಏಟು ಬೀಳ್ತಿತ್ತು. ನನ್ನ ಹಾಳೆ ಖಾಲಿ ಇರೋದು ಗೊತ್ತಿಲ್ಲದೆ ಅಲ್ಲ, ಅವನು ಓದದೇ ಇರೋದು ಸೋಮಾರಿತನದಿಂದ ಅಲ್ಲ!"

ಅಮ್ಮ ಅವಳ ಹಣೆಯ ಮೇಲಿನ ಕೂದಲು ಸರಿಸಿ ತೋರಿಸಿದಳು.

"ಪ್ರಶ್ನೆ ಓದಿ ಹೇಳೋರನ್ನ ಕೊಡಿ ಅನ್ನೋ ಅವನ ಅರ್ಜಿ ನಿಮ್ಮ ಸಹಿಗೆ ಕಾಯ್ತಾ ಇದೆ ಸರ್," ಎಂದರು ಕೌನ್ಸೆಲರ್ ಮೇಡಂ. "ಈ ಹುಡುಗಿನ ಅವತ್ತು ವಿಚಾರಣೆ ಮಾಡಿದ ರೀತಿ ಸರಿ ಇರಲಿಲ್ಲ. ಅವಳ ಮೌನಕ್ಕೆ ನೀವು ಇನ್ನೊಬ್ಬನನ್ನ ಶಿಕ್ಷಿಸಿದ್ರಿ."

ಪ್ರಿನ್ಸಿಪಾಲರು ಆ ಗಾಜಿನ ಗುಂಡನ್ನು ನೋಡಿದರು. ಕೆಟ್ಟವರೇನಲ್ಲ, ಕಿವಿ ಕೊಟ್ಟು ಕೇಳುವ ಅಭ್ಯಾಸ ತಪ್ಪಿದವರು. ಕೊನೆಗೆ ಗುಂಡನ್ನು ಎತ್ತಿ ಡ್ರಾಯರಿನೊಳಗೆ ಹಾಕಿ, ಪೆನ್ನು ಕೈಗೆತ್ತಿಕೊಂಡರು.

"ಅಮಾನತು ರದ್ದು. ಹೊರಗೆ ನಿಂತಿದ್ದಾನಲ್ಲ, ಅವನನ್ನ ಒಳಗೆ ಕರೀರಿ."

ಪರೀಕ್ಷೆಯ ದಿನ ಅವನನ್ನು ಅವಳ ಕೊಠಡಿಯ ಪಕ್ಕದ ಸಣ್ಣ ಕೋಣೆಯಲ್ಲಿ ಕೂರಿಸಿದರು. ಓದಿ ಹೇಳಲು, ಬರೆಯಲು ಸ್ವತಃ ಕೌನ್ಸೆಲರ್ ಮೇಡಂ.

ಗಂಟೆ ಹೊಡೆಯಿತು. ಢಣ್!

ಅವಳ ಬೆರಳು ಮರಗಟ್ಟಿತು. ಎಲ್ಲ ಸರಿಹೋಯಿತು ಅಂದುಕೊಂಡಿರಾ? ಹಾಗೆಲ್ಲ ಒಂದೇ ದಿನಕ್ಕೆ ಸರಿಹೋಗುವ ಭಯವಲ್ಲ ಅದು. ಪ್ರಶ್ನೆಪತ್ರಿಕೆ ಮಂಜುಮಂಜಾಯಿತು. 'ಹೋಯಿತು... ಎಲ್ಲಾ ಹೋಯಿತು...'

ಆಗ ಗೋಡೆಯಾಚೆಯಿಂದ ಸಣ್ಣಗೆ ಕೇಳಿಸಿತು. ಟಕ್... ಟಕ್... ಟಕ್ ಟಕ್.

ಅವನು ಪ್ರಶ್ನೆ ಕೇಳುತ್ತಾ, ನೆನಪು ಮಾಡಿಕೊಳ್ಳುತ್ತಾ, ಬೆರಳಿನಿಂದ ಮೇಜು ಕುಟ್ಟುತ್ತಿದ್ದ. ಅದೇ ತಾಳ. ಅವಳು ಒಮ್ಮೆ ದೀರ್ಘವಾಗಿ ಉಸಿರೆಳೆದು ಪೆನ್ನು ಹಿಡಿದಳು. ಮೊದಲ ಸಾಲು ವಕ್ರವಾಗಿ ಬಂತು. ಎರಡನೆಯದು ನೆಟ್ಟಗೆ ಬಂತು.

ಪರೀಕ್ಷೆ ಮುಗಿದ ಮೇಲೆ ಅವನು ಕಾಲೇಜಿನ ಮೆಟ್ಟಿಲ ಮೇಲೆ ಕಾಯುತ್ತಿದ್ದ. ಹುಬ್ಬಿನ ಹೊಲಿಗೆ ಬಿಚ್ಚಿದ್ದರು. ಅವಳು ಬಂದು ಪಕ್ಕದಲ್ಲಿ ಕೂತಳು.

"ಹೇಗಾಯ್ತು?"

"ಎಲ್ಲಾ ಹೇಳಿದೆ ಕಣೇ. ಬರೆದೂ ಬರೆದೂ ಪಾಪ ಮೇಡಂಗೆ ಕೈನೋವು! ನಿಂದು?"

"ಹಾಳೆ ಸಾಲದೆ ಇನ್ನೊಂದು ಕೇಳಿ ತಗೊಂಡೆ."

ಅವನು ಅವಳನ್ನೇ ನೋಡಿದ. ಗುದ್ದಲು ಮಾತ್ರ ಗೊತ್ತಿದ್ದ ಬೆರಳು ಮೆಲ್ಲನೆ ಬಂದು ಅವಳ ಮೂಗಿನ ಮೇಲೆ ನಿಂತಿತು.

"ಸ್ವಲ್ಪ ಸೊಟ್ಟ ಆಗಿಬಿಟ್ಟಿದೆ."

"ಹ್ಞೂಂ. ಮಾಡಿದವನು ಯಾರೋ?"

"ಅವತ್ತು 'ನೀನೂನಾ' ಅಂದೆನಲ್ಲ... ತಪ್ಪಾಯ್ತು. ನಿನ್ನ ನಂಬಬೇಕಿತ್ತು."

"ಈಗ ನಂಬ್ತೀಯಲ್ಲ, ಬಿಡು."

ಅವನು ಗಂಟಲು ಸರಿಮಾಡಿಕೊಂಡ. ಕಾರು ಒಡೆಯುವ ಕೈ ಬೆವರುತ್ತಿತ್ತು.

"ಒಂದು ಪ್ರಶ್ನೆ ಕೇಳ್ಬೇಕು. ಹೆದರಬೇಡ. ಉತ್ತರ ಇವತ್ತೇ ಬೇಕಂತಿಲ್ಲ. ನಾಳೆ ಹೇಳಿದ್ರೂ ಆಯ್ತು, ಮುಂದಿನ ವರ್ಷ ಹೇಳಿದ್ರೂ ಆಯ್ತು. ಎಷ್ಟು ಹೊತ್ತು ಬೇಕೋ ತಗೋ. ನಾನಂದ್ರೆ..."

"ಹೌದು."

"ಏಯ್! ಇನ್ನೂ ಪೂರ್ತಿ ಕೇಳೇ ಇಲ್ಲ!"

ಅವಳು ಅವನ ಭುಜಕ್ಕೆ ತಲೆಯಿಟ್ಟಳು. ದನಿ ಎಲ್ಲೂ ತಡವರಿಸಲಿಲ್ಲ.

"ಇದೊಂದಕ್ಕೆ ಉತ್ತರ ನಂಗೆ ವರ್ಕ್‌ಶಾಪಿನಲ್ಲಿ ನೀನು ಸುತ್ತಿಗೆ ಕೆಳಗಿಟ್ಟ ದಿನದಿಂದಲೂ ಗೊತ್ತಿತ್ತು ಕಣೋ."